ಹೊಳಿ ದಂಡ್ಯಾಗ ಕುಂತು ನೀರು ಹುಡುಕೋರು

ದಸರೆ ರಜೆ ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಅನುಕೂಲಸ್ಥರ ಮನೆಗಳಲ್ಲಿ ಒಂದೇ ಚರ್ಚೆ. ಎರಡು ದಿನ ಎಲ್ಲಿಗಾದರೂ ಹೋಗಿ ಬರಬೇಕು. ಅಲ್ಲಿ ನೀರಿರಬೇಕು, ದೋಣಿ ಇರಬೇಕು, ಊರು ಸಣ್ಣದಾಗಿ ಚೊಕ್ಕಟವಾಗಿರಬೇಕು. ಹೆಸರುಗಳೂ ಗೊತ್ತಿದ್ದವೇ: ಮಹಾಬಳೇಶ್ವರದ ವೆಣ್ಣಾ ಸರೋವರ, ಕೊಲ್ಹಾಪುರದ ರಂಕಾಳ, ರೊಕ್ಕ ಇನ್ನಷ್ಟು ಇದ್ದರೆ ಊಟಿ, ಕೊಡೈಕೆನಾಲ್, ಕಬ್ಬಿನ ಬಿಲ್ಲು ಒಮ್ಮೆಗೇ ಕೈಸೇರಿದ ವರ್ಷ ಉದಯಪುರ. ನಡುವೆ ಯಾರಾದರೂ ಬಾಯಿತಪ್ಪಿ ‘ಇಲ್ಲೇ ಸನೇದಾಗ ಎಲ್ಲ್ಯಾರ ಹೋಗೂಣಲ್ಲ’ ಅಂದರೆ ಮನೆಮಂದಿಯೆಲ್ಲ ನಗುತ್ತಾರೆ. ‘ನಮ್ ಕಡೆ ನೋಡಾಕ ಏನೈತ್ರಿ? ಕಬ್ಬು, ಧೂಳ, ಬಿಸಲ!’

ಈ ಮಾತನ್ನು ಆಡುವವರು ಊರು ನೋಡದ ಮಂದಿಯೇನಲ್ಲ. ಡಾಕ್ಟರು ಆಡುತ್ತಾರೆ, ಸಕ್ಕರೆ ಕಾರ್ಖಾನೆಯ ಅಧಿಕಾರಿ ಆಡುತ್ತಾರೆ, ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವ ಹೆಡ್‌ಮಾಸ್ತರರು ಆಡುತ್ತಾರೆ, ಮೈಕು ಸಿಕ್ಕ ರಾಜಕಾರಣಿ ಇದನ್ನೇ ಸ್ವಲ್ಪ ಗಂಭೀರ ಮಾಡಿ ‘ನಮ್ಮ ಹಿಂದುಳಿದ ಭಾಗ’ ಎಂದು ಆಡುತ್ತಾರೆ. ಕೇಳಿದವರು ಗೋಣು ಹಾಕುತ್ತಾರೆ. ಯಾರೂ ಎದುರಾಡುವುದಿಲ್ಲ. ಈ ಮಾತು ಸುಳ್ಳು. ಬರಿಯ ಸುಳ್ಳಾಗಿದ್ದರೆ ಬಿಡಬಹುದಿತ್ತು. ಇದು ನಮ್ಮ ನಾಲ್ಕೂ ತಾಲೂಕುಗಳ ಮೈ ತಿನ್ನುತ್ತಿರುವ ಸುಳ್ಳು.

ಮೊದಲು ನೀರಿನ ಮಾತೇ ಆಡೋಣ, ಯಾಕೆಂದರೆ ನೀವು ಹುಡುಕಿಕೊಂಡು ಹೋಗುವುದು ಅದನ್ನೇ. ಮಹಾಬಳೇಶ್ವರಕ್ಕೆ ಹೋಗಿ ಸರತಿಯಲ್ಲಿ ನಿಂತು, ರೊಕ್ಕ ಕೊಟ್ಟು ವೆಣ್ಣಾ ಸರೋವರದಲ್ಲಿ ದೋಣಿ ಹತ್ತುತ್ತೀರಿ. ಆ ವೆಣ್ಣೆ ಬೆಟ್ಟ ಇಳಿದು ಸಾತಾರೆಯ ಬಳಿ ಸಂಗಮ ಮಾಹುಲಿಯಲ್ಲಿ ಕೃಷ್ಣೆಗೆ ಸೇರುತ್ತಾಳೆ. ಕೃಷ್ಣೆ ಕರಾಡ, ಸಾಂಗ್ಲಿ ದಾಟಿ, ಕುಡಚಿ ದಾಟಿ ನಿಮ್ಮ ಹಿಪ್ಪರಗಿ ಬ್ಯಾರೇಜಿಗೆ ಬರುತ್ತಾಳೆ. ಅಂದರೆ ನೀವು ರಜೆ ಮುಗಿಸಿ ಊರಿಗೆ ಬಂದ ಮೇಲೆ, ನೀವು ಕೈಯಾಡಿಸಿ ಬಂದ ನೀರೂ ನಿಮ್ಮ ಬೆನ್ನ ಹಿಂದೆಯೇ ಬಂದು ನಿಮ್ಮ ಹೊಲದ ಬದುವಿಗೆ ತಾಗಿ ಹರಿಯುತ್ತದೆ. ಅಲ್ಲಿ ಅದಕ್ಕೆ ಟಿಕೆಟ್ ತೆಗೆದಿರಿ. ಇಲ್ಲಿ ತಿರುಗಿಯೂ ನೋಡುವುದಿಲ್ಲ.

‘ಅದು ಸರೋವರ, ಇದು ಡ್ಯಾಮಿನ ನೀರು’ ಎನ್ನುವ ಜಾಣರಿದ್ದಾರೆ. ಒಳ್ಳೆಯದು, ಲೆಕ್ಕ ತೆಗೆಯೋಣ. ವೆಣ್ಣಾ ಸರೋವರವನ್ನು ಕಟ್ಟಿಸಿದ್ದು 1842ರಲ್ಲಿ, ಸಾತಾರೆಯ ಅರಸು ಅಪ್ಪಾಸಾಹೇಬ ಮಹಾರಾಜರು. ಊಟಿಯ ಕೆರೆಯನ್ನು 1824ರಲ್ಲಿ ಜಾನ್ ಸುಲಿವನ್ ಎಂಬ ಕಲೆಕ್ಟರ್ ಕಟ್ಟೆ ಹಾಕಿಸಿ ನಿಲ್ಲಿಸಿದ. ಕೊಡೈಕೆನಾಲಿನದು 1863ರದು, ಅದೂ ಒಬ್ಬ ಬ್ರಿಟಿಷ್ ಅಧಿಕಾರಿ ಮಾಡಿಸಿದ್ದೇ. ಉದಯಪುರದ ಪಿಚೋಲಾವನ್ನು 1362ರ ಸುಮಾರಿಗೆ ಧಾನ್ಯ ಸಾಗಿಸುವ ಬಂಜಾರಾ ವ್ಯಾಪಾರಿಯೊಬ್ಬ ಕಟ್ಟಿಸಿದನೆಂದು ಹೇಳುತ್ತಾರೆ. ನೀವು ‘ನಿಸರ್ಗ’ ಎಂದು ಫೋಟೋ ಹಿಡಿದು ಬಂದದ್ದೆಲ್ಲ ಮನುಷ್ಯರು ಮಣ್ಣು ಹೊತ್ತು ಕಟ್ಟಿದ ಒಡ್ಡಿನ ನೀರು. ಸಾಹೇಬ ಕಟ್ಟಿಸಿದರೆ ಸರೋವರ, ರಾಜ ಕಟ್ಟಿಸಿದರೆ ಸರೋವರ, ನಮ್ಮ ರೈತ ಕಟ್ಟಿದರೆ ಮಾತ್ರ ಬ್ಯಾರೇಜೇ?

ರೈತ ಕಟ್ಟಿದ್ದು ಎಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡವಾಗಿ ಒಂದು ಬ್ಯಾರೇಜ್ ಇದೆ. ಹೆಸರು ಶ್ರಮಬಿಂದು ಸಾಗರ. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಹೊಳೆ ಬೇಸಿಗೆಗೆ ಬತ್ತಿ, ದಂಡೆಯ ಪಂಪ್‌ಸೆಟ್‌ಗಳು ಗಾಳಿ ಎಳೆಯುತ್ತಿದ್ದ ಕಾಲದ ಕಥೆ ಇದು. ನೆಲ ಇತ್ತು, ಮೋಟಾರು ಇತ್ತು, ಸಾಲವೂ ಇತ್ತು, ನೀರು ಮಾತ್ರ ಇರಲಿಲ್ಲ. ಹರಿದುಹೋಗುವ ನೀರಿಗೆ ಒಂದು ತಡೆ ಹಾಕಿ ಎಂದು ಸರ್ಕಾರವನ್ನು ಕೇಳಿ ಕೇಳಿ ಬೇಸತ್ತ ರೈತರು ಕೃಷ್ಣಾ ತೀರದ ರೈತ ಸಂಘ ಕಟ್ಟಿಕೊಂಡು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ರೊಕ್ಕ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು, 1989ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದರು. ಸರ್ಕಾರದ ಖಜಾನೆಗೆ ಕೈಯೊಡ್ಡದೆ ಹೊಳೆಗೇ ಅಡ್ಡ ಕಟ್ಟಿದರು. ಕೆರೆಕಟ್ಟೆ ಕಟ್ಟಿದ ಊರುಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ಕೃಷ್ಣೆಯಂಥ ಹೊಳೆಯನ್ನು ತಡೆದ ಒಕ್ಕಲಿಗರು ಎಷ್ಟು ಕಡೆ ಇದ್ದಾರೆ? ಆ ಬ್ಯಾರೇಜಿನ ಬಲದಿಂದಲೇ ‘ಬ್ಯಾರೇಜ್ ಸಿದ್ದು’ ಎಂದು ಹೆಸರಾದ ಮನುಷ್ಯ 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ದಿಲ್ಲಿಗೆ ಹೋದರು, ಕೇಂದ್ರದಲ್ಲಿ ರಾಜ್ಯ ಸಚಿವರಾದರು. 2018ರ ಮೇ ತಿಂಗಳಲ್ಲಿ, ಮತ್ತೊಮ್ಮೆ ಜಮಖಂಡಿಯಿಂದ ಶಾಸಕರಾಗಿ ಆರಿಸಿಬಂದ ಕೆಲವೇ ದಿನಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದರು. ಅವರ ರಾಜಕಾರಣದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನಿಮ್ಮ ಪಕ್ಷ ಯಾವುದೇ ಇರಲಿ. ಆ ಗೋಡೆ ಇನ್ನೂ ನಿಂತಿದೆಯಲ್ಲ?

ಈ ಕಥೆ ಮಹಾರಾಷ್ಟ್ರದಲ್ಲೋ ಗುಜರಾತಿನಲ್ಲೋ ನಡೆದಿದ್ದರೆ ಏನಾಗುತ್ತಿತ್ತು, ಸ್ವಲ್ಪ ಯೋಚಿಸಿ. ಗೋಡೆಯ ಪಕ್ಕ ಒಂದು ಸಂಗ್ರಹಾಲಯ, ಅಂದು ಬುಟ್ಟಿ ಹೊತ್ತವರ ಫೋಟೋಗಳ ಸಾಲು, ಚಂದಾ ಕೊಟ್ಟ ಹಳ್ಳಿಗಳ ಹೆಸರು ಕೊರೆದ ಕಲ್ಲು, ರಾಜ್ಯ ರಾಜ್ಯದ ಶಾಲಾ ಮಕ್ಕಳ ಬಸ್ಸುಗಳು. ನೀವೇ ಮನೆಮಂದಿಯನ್ನು ಕರೆದುಕೊಂಡು ಹೋಗಿ ನೋಡಿ ಬಂದು, ‘ಏನ್ ಮಂದಿರೀ ಅವ್ರು! ನಮ್ಮೋರಿಗೆ ಬುದ್ಧಿ ಇಲ್ಲ’ ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಿರಿ. ನಮ್ಮವರಿಗೆ ಬುದ್ಧಿ ಇತ್ತು. ಅದನ್ನು ನೋಡುವ ಕಣ್ಣು ನಮಗಿಲ್ಲ.

ಕಣ್ಣಿಲ್ಲದ್ದಕ್ಕೆ ಶಾಲೆಯೂ ಹೊಣೆ. ನಮ್ಮ ಶಾಲೆಗಳ ‘ಶೈಕ್ಷಣಿಕ ಪ್ರವಾಸ’ದ ಬಸ್ಸು ರಾತ್ರೋರಾತ್ರಿ ಮೈಸೂರಿನತ್ತ ಓಡುತ್ತದೆ. ಮಕ್ಕಳು ನಿದ್ದೆಗಣ್ಣಿನಲ್ಲಿ ಬೃಂದಾವನದ ಬಣ್ಣದ ಕಾರಂಜಿ ನೋಡಿ, ವಾಂತಿ ಮಾಡಿಕೊಳ್ಳುತ್ತ ವಾಪಸು ಬರುತ್ತಾರೆ. ರನ್ನ ಹುಟ್ಟಿದ್ದು ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಎಂದು ಪರೀಕ್ಷೆಗೆ ಬರೆಯುವ ಹುಡುಗ ಅದೇ ಮುಧೋಳದಲ್ಲಿ ದಿನಾ ಬಸ್ಸು ಬದಲಿಸುತ್ತಾನೆ; ಎರಡೂ ಒಂದೇ ಊರು ಎಂದು ಅವನಿಗೆ ಒಮ್ಮೆಯಾದರೂ ಯಾರಾದರೂ ನಿಲ್ಲಿಸಿ ಹೇಳಿದ್ದಾರೆಯೇ? ಮುಧೋಳದ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೈನ್ಯವೂ ಆ ನಾಯಿಯನ್ನು ಕರೆಸಿಕೊಂಡಿತು. ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವೇ ಇದೆ. ದಿಲ್ಲಿಯ ಪರೇಡಿನಲ್ಲಿ ಕಂಡರೆ ಚಪ್ಪಾಳೆ ಹೊಡೆಯುತ್ತೇವೆ, ತಿಮ್ಮಾಪುರಕ್ಕೆ ಮಕ್ಕಳನ್ನು ಕರೆದೊಯ್ಯಲು ನಮಗೆ ಪುರಸೊತ್ತಿಲ್ಲ.

ಜಮಖಂಡಿಯ ಮಾತು ಬೇರೆಯೇನಲ್ಲ. ಪಟವರ್ಧನರ ಸಂಸ್ಥಾನ 1811ರಿಂದ 1948ರವರೆಗೆ ಇಲ್ಲಿ ಆಳಿತು. ರಾಮತೀರ್ಥದ ಗುಡ್ಡದ ಮೇಲೆ ಅರಮನೆ ಇದೆ, ಗುಡಿ ಇದೆ, ಮೇಲೆ ನಿಂತರೆ ಊರಿಡೀ ಕಾಣುತ್ತದೆ. ಗುರುದೇವ ರಾನಡೆ 1886ರಲ್ಲಿ ಹುಟ್ಟಿದ್ದು ಈ ಊರಲ್ಲಿ, ಓದಿದ್ದು ಇಲ್ಲಿನ ಪರಶುರಾಮಭಾವು ಶಾಲೆಯಲ್ಲಿ. ಪಕ್ಕದ ಸಾವಳಗಿಯ ಬಿ.ಡಿ. ಜತ್ತಿ ಇದೇ ಸಂಸ್ಥಾನದಲ್ಲಿ ಮಂತ್ರಿಯಾಗಿ ಕೆಲಸ ಕಲಿತು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1977ರಲ್ಲಿ ದೇಶದ ಹಂಗಾಮಿ ರಾಷ್ಟ್ರಪತಿಯ ಕುರ್ಚಿಯವರೆಗೆ ಹೋದರು. ಇಷ್ಟು ಇರುವ ಊರು ಪ್ರವಾಸಕ್ಕೆ ಯೋಗ್ಯವಲ್ಲ, ಆದರೆ ಸಿನೆಮಾ ಹಾಡೊಂದರ ಶೂಟಿಂಗ್ ಆದ ಗುಡ್ಡದ ತುದಿ ಯೋಗ್ಯ! ಸೀರೆಯ ಕಥೆಯೂ ಇದೇ: ಬನಹಟ್ಟಿಯ ಹೆಣ್ಣುಮಗಳೊಬ್ಬಳು ಕೊಲ್ಹಾಪುರದ ಅಂಗಡಿಯಲ್ಲಿ ಕೂತು, ಹತ್ತು ಸೀರೆ ಬಿಚ್ಚಿಸಿ, ಚೌಕಾಶಿ ಮಾಡಿ ಕೊಂಡ ಸೀರೆ ಅವಳದೇ ಓಣಿಯ ಮಗ್ಗದಿಂದ ಹೋದದ್ದೂ ಇರಬಹುದು. ಸೀರೆ ಅತ್ತ ಹೋಗುವಾಗ ನೇಕಾರನಿಗೆ ಸಿಕ್ಕದ್ದೆಷ್ಟು, ಇತ್ತ ಮರಳಿ ಬರುವಾಗ ಅವಳು ತೆತ್ತದ್ದೆಷ್ಟು ಎಂದು ರಬಕವಿಯ ಯಾವ ನೇಕಾರನನ್ನಾದರೂ ಕೇಳಿ. ರಜೆಯ ಹೆಸರಿನಲ್ಲಿ ಊರಿನಿಂದ ಹೊರಗೆ ಹರಿಯುವ ರೊಕ್ಕ ಯಾರ ಕಿಸೆಯದು ಎಂಬುದು ಆಗ ತಿಳಿಯುತ್ತದೆ.

ಇನ್ನು ಆರೋಪದ ದೊಡ್ಡ ಭಾಗಕ್ಕೆ ಬರುತ್ತೇನೆ. ‘ನಮ್ಮ ಕಡೆ ಏನೂ ಇಲ್ಲ’ ಎಂಬ ಮಾತಿಗೆ ಒಬ್ಬ ಮಗ ಹುಟ್ಟಿದ್ದಾನೆ. ಅವನ ಹೆಸರು ‘ಇಲ್ಲಿ ಏನಾದರೂ ಮಾಡೋಣ’. ಕೇಳಲು ಬಹಳ ಸಭ್ಯ. ಏನೂ ಇಲ್ಲವೆಂದ ಮೇಲೆ ಹೊರಗಿನಿಂದ ತಂದು ಹಾಕಬೇಕಲ್ಲ? ಹಾಗಾಗಿ ಆಲಮಟ್ಟಿಯ ಹಿನ್ನೀರಿನ ದಂಡೆಗೆ ರಿಸಾರ್ಟ್ ಬರಲಿ, ಜೆಟ್ ಸ್ಕೀ ಬರಲಿ, ಗಾಜಿನ ಸೇತುವೆ ಬರಲಿ, ‘ಮಿನಿ ಗೋವಾ’ ಆಗಲಿ ಎಂಬ ಕೂಗು. ಆಲಮಟ್ಟಿಯ ಅಣೆಕಟ್ಟಿನ ಬುಡದಲ್ಲಿ ಆಗಲೇ ರಾಕ್ ಗಾರ್ಡನ್ ಇದೆ, ಮೊಘಲ್ ಉದ್ಯಾನ ಇದೆ, ಸಂಗೀತ ಕಾರಂಜಿ ಇದೆ. ಉತ್ತರ ಕರ್ನಾಟಕದ ಎರೆ ನೆಲದಲ್ಲಿ ಮೊಘಲರ ಉದ್ಯಾನ ಮಾಡಿಟ್ಟ ಮೇಲೂ ನಮ್ಮ ಜನ ಮಹಾಬಳೇಶ್ವರಕ್ಕೇ ಹೋಗುತ್ತಿದ್ದಾರೆ. ನಕಲು ಕೆಲಸ ಮಾಡಲಿಲ್ಲ ಎಂದರೆ ಇನ್ನೂ ದೊಡ್ಡ ನಕಲು ಮಾಡೋಣ ಎನ್ನುವುದು ಎಂಥ ತರ್ಕ?

ಹಿನ್ನೀರಿನ ದಂಡೆಯನ್ನು ಖಾಲಿ ಜಾಗ ಎಂದು ತಿಳಿದವರಿಗೆ ಆ ನೀರಿನ ಪೂರ್ವೋತ್ತರ ಹೇಳಬೇಕಾಗಿದೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲಿಟ್ಟರು. ಕೃಷ್ಣೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ, ಆಂಧ್ರದ ತಕರಾರು, ಮಹಾರಾಷ್ಟ್ರದ ತಕರಾರು ಎಲ್ಲ ಹಾಯ್ದು 2000ದಲ್ಲಿ ಸುಪ್ರೀಂ ಕೋರ್ಟು ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿಗೆ ಕಟ್ಟಿಹಾಕಿತು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಈ ನಡುವೆ ನೂರಕ್ಕೂ ಹೆಚ್ಚು ಹಳ್ಳಿಗಳ ಬಾಳು ಕಿತ್ತು ಬೇರೆ ಕಡೆ ನೆಡಲಾಯಿತು. ಬಾಗಲಕೋಟೆಯ ಹಳೇ ಊರಿನ ಅರ್ಧ ಬದುಕು ನವನಗರದ ಸೆಕ್ಟರ್ ನಂಬರುಗಳಿಗೆ ಹೋಯಿತು. ಬೀಳಗಿ ತಾಲೂಕಿನ ಎಷ್ಟೋ ಮನೆಗಳಲ್ಲಿ ‘ನಮ್ಮೂರು’ ಎಂದರೆ ಈಗಲೂ ನೀರಿನ ಕಡೆ ಬೆರಳು ಮಾಡುತ್ತಾರೆ. ಕೊರ್ತಿ–ಕೊಲ್ಹಾರದ ನಡುವಿನ ಹಳೇ ಸೇತುವೆ ಮುಳುಗಿ, ಅದರ ಜಾಗದಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದದ ಹೊಸ ಸೇತುವೆ ಬಂತು. ಚಿಕ್ಕಸಂಗಮದಲ್ಲಿ, ಘಟಪ್ರಭೆ ಕೃಷ್ಣೆಗೆ ಕೂಡುವಲ್ಲಿ, ಸಂಗಮನಾಥ ವರ್ಷದ ಹಲವು ತಿಂಗಳು ನೀರೊಳಗೇ ಇರುತ್ತಾನೆ; ನೀರು ಇಳಿದಾಗ ಜನ ಹೋಗಿ ಕೆಸರು ತೊಳೆದು ಪೂಜೆ ಮಾಡುತ್ತಾರೆ.

ಈ ನೀರಿನ ಮೇಲೆ ಮೋಟಾರು ದೋಣಿ ಓಡಿಸಿ, ಹಾಡು ಹಚ್ಚಿ, ‘ವಾವ್ ವ್ಯೂ’ ಎನ್ನುವವರನ್ನು ಕೇಳುತ್ತೇನೆ: ನಿಮ್ಮ ದೋಣಿಯ ಕೆಳಗೆ ಯಾರ ಹಗೇವು ಇದೆ, ಯಾರ ಗೋರಿ ಇದೆ, ಯಾರ ಕರೆವ್ವನ ಗುಡಿ ಇದೆ ಎಂದು ವಿಚಾರಿಸಿದ್ದೀರಾ?

ಭಾವನೆಯ ಮಾತು ಬೇಡವೆಂದರೆ ವ್ಯವಹಾರದ ಮಾತೇ ಆಡೋಣ. ರಿಸಾರ್ಟ್ ಕಟ್ಟುತ್ತೀರಿ, ಯಾವ ದಂಡೆಗೆ? ಆಗಸ್ಟಿನಲ್ಲಿ ಜಲಾಶಯ ತುಂಬಿದಾಗ ಇರುವ ದಂಡೆಯೇ ಬೇರೆ, ಮೇ ತಿಂಗಳ ದಂಡೆಯೇ ಬೇರೆ. ಕಾಲುವೆಗೂ ಕುಡಿಯಲಿಕ್ಕೂ ವಿದ್ಯುತ್ತಿಗೂ ನೀರು ಬಿಟ್ಟ ಹಾಗೆ ದಂಡೆ ಸರಿಯುತ್ತ ಹೋಗುತ್ತದೆ, ಹಿಂದೆ ಕೆಸರು, ಆಮೇಲೆ ಬಿರುಕು ಬಿಟ್ಟ ಎರೆ. ‘ಲೇಕ್ ವ್ಯೂ’ ಕೋಣೆಗೆ ಬೇಸಿಗೆಯಲ್ಲಿ ಕಾಣುವುದು ಒಣಗಿದ ಜಾಲಿಕಂಟಿ. ಅದಕ್ಕಿಂತ ಮುಖ್ಯವಾದದ್ದು, ಈ ಜಲಾಶಯದ ಕೊನೆಯ ಮಟ್ಟ ಇನ್ನೂ ನಿಂತಿಲ್ಲ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಏರಿಸಲು ಒಪ್ಪಿದೆ. ನಾಲ್ಕೂವರೆ ಮೀಟರಿಗಿಂತ ಹೆಚ್ಚಿನ ಏರಿಕೆ. ಅದಕ್ಕೆ ಮುಳುಗುವ ನೆಲವೇ 75,563 ಎಕರೆ. ತೀರ್ಪು ಬಂದು ವರ್ಷಗಳು ಕಳೆದು, 2025ರ ಸೆಪ್ಟೆಂಬರಿನಲ್ಲಷ್ಟೇ ರಾಜ್ಯದ ಸಂಪುಟ ಕೂತು ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು: ನೀರಾವರಿ ಇದ್ದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ. ದರ ಹೇಳಿದ ಮಾತ್ರಕ್ಕೆ ರೊಕ್ಕ ಕೈಗೆ ಬಂದಂತಲ್ಲ ಎಂಬುದು ಮುಳುಗಡೆ ಕಂಡ ಮಂದಿಗೆ ಯಾರೂ ಕಲಿಸಬೇಕಿಲ್ಲ. ಹಿಂದಿನ ಹಂತದ ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಸವೆಸಿದ ಅಪ್ಪಂದಿರ ಮಕ್ಕಳು ಅವರು.

ನಾಳೆ ಮುಳುಗುವ ಗಡಿಯೊಳಗೆ ಇರುವ ರೈತ ಇಂದು ಬಾವಿ ತೆಗೆಸಲು ಹಿಂದೆಮುಂದೆ ನೋಡುತ್ತಾನೆ, ಮನೆಗೆ ಮೇಲ್ಮಾಳಿಗೆ ಏರಿಸಲು ಹೆದರುತ್ತಾನೆ, ಮಗನ ಮದುವೆಗೆ ಹೆಣ್ಣು ಕೇಳಿದರೆ ‘ನಿಮ್ಮೂರು ಮುಳುಗೂದಲ್ಲರಿ?’ ಎನ್ನಿಸಿಕೊಳ್ಳುತ್ತಾನೆ. ಅವನ ಹೊಲದ ಬದುವಿಗೆ ಬಂದು ‘ಪ್ರವಾಸೋದ್ಯಮ ವಲಯ’ ಎಂದು ಬೋರ್ಡು ನಿಲ್ಲಿಸುವುದು, ಹೆಣ ಎತ್ತುವ ಮೊದಲೇ ಮನೆಗೆ ಬಾಡಿಗೆ ಕೇಳಿದ ಹಾಗೆ.

ಹಕ್ಕಿಗಳ ಲೆಕ್ಕವನ್ನೂ ಕೇಳಿ. ನೀರು ಇಳಿಯುವ ಕಾಲಕ್ಕೆ ಹೆರಕಲ್, ಅನಗವಾಡಿ, ಚಿಕ್ಕಸಂಗಮದ ಕಡೆಯ ತೆಳುನೀರಿನಲ್ಲಿ ರಾಜಹಂಸಗಳು ಗುಂಪುಗುಂಪಾಗಿ ಇಳಿಯುತ್ತವೆ. ಅವು ಬರುವುದೇ ಆ ಕೆಸರಿಗೆ. ಕೊಕ್ಕು ಮಗುಚಿ ಕೆಸರುನೀರು ಜಾಲಿಸಿ ಹುಳುಹುಪ್ಪಟೆ, ಪಾಚಿ ತಿನ್ನುವ ಹಕ್ಕಿ ಅದು. ಆಳದ ನೀರಲ್ಲಿ ಅದಕ್ಕೆ ಕೆಲಸವಿಲ್ಲ, ಸದ್ದಿರುವಲ್ಲಿ ನಿಲ್ಲುವುದಿಲ್ಲ. ನಿಮ್ಮ ಕಣ್ಣಿಗೆ ಕೊಳಕಾಗಿ ಕಂಡ ಕೆಸರೇ ಅದರ ಊಟದ ತಾಟು. ‘ದಂಡೆ ಸುಂದರಗೊಳಿಸುತ್ತೇವೆ’ ಎಂದು ಕಲ್ಲು ಹಾಸಿ, ಮೋಟಾರು ದೋಣಿ ಬಿಟ್ಟ ಮರುವರ್ಷ ರಾಜಹಂಸ ಬರದೆ ಹೋದರೆ, ಸಿಮೆಂಟಿನ ಎರಡು ರಾಜಹಂಸ ಮಾಡಿಸಿ ಗೇಟಿಗೆ ನಿಲ್ಲಿಸುವವರು ನಾವು. ಹಾಗೆಯೇ ಬೀಳಗಿ–ಮುಧೋಳ ತಾಲೂಕುಗಳ ನಡುವೆ ಯಡಹಳ್ಳಿಯ ಚಿಂಕಾರ ಧಾಮವಿದೆ, ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು. ಚಿಂಕಾರಕ್ಕೆಂದೇ ಮಾಡಿದ ಇಂಥ ಧಾಮ ರಾಜ್ಯದಲ್ಲಿ ಇದೇ ಮೊದಲನೆಯದು. ‘ಕಾಡು ಅಂದ್ರ ದಾಂಡೇಲಿ’ ಎನ್ನುವವರಿಗೆ ಇದು ಕಂಟಿ ಬೆಳೆದ ಬೀಳುಗುಡ್ಡ.

ಆಕ್ಷೇಪಗಳು ಬರುತ್ತವೆ, ಗೊತ್ತು. ಬಿಸಿಲು ಬಹಳ ಎನ್ನುತ್ತೀರಿ. ಹೌದು, ಏಪ್ರಿಲ್–ಮೇದಲ್ಲಿ ನಾನೂ ನಿಮ್ಮನ್ನು ಕರೆಯುವುದಿಲ್ಲ. ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ಇಲ್ಲಿಯ ಹವೆಗೆ ಏನು ಕಡಿಮೆಯಾಗಿದೆ? ನಿಮ್ಮ ದಸರೆ, ದೀಪಾವಳಿ, ಕ್ರಿಸ್‌ಮಸ್ ರಜೆ ಎಲ್ಲ ಬರುವುದು ಆ ತಿಂಗಳುಗಳಲ್ಲೇ. ಹೊಳೆಯಲ್ಲಿ ಮೊಸಳೆ ಇವೆ ಎನ್ನುತ್ತೀರಿ. ಇವೆ. ಕೃಷ್ಣೆ ಅವುಗಳದ್ದೂ ಮನೆ. ಈಜಬೇಡಿ, ದಂಡೆಯಲ್ಲಿ ಕೂತು ನೋಡಿ. ಊಟಿ ಕೆರೆಯಲ್ಲೂ ನೀವು ಈಜಿದ್ದಿಲ್ಲ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಊರುಗಳನ್ನು ನುಂಗಿತು ಎನ್ನುತ್ತೀರಿ. ನಿಜ, ಕೃಷ್ಣೆ, ಘಟಪ್ರಭೆ ಎರಡೂ ಏರಿ ಬಂದ ಆ ವಾರ ಇಲ್ಲಿಯ ಜನ ಮರೆಯುವಂಥದ್ದಲ್ಲ. ಹಾಗಿದ್ದರೆ ಹೊಳೆಯ ಗುಣ ತಿಳಿಯದೆ ಅದರ ದಂಡೆಗೆ ಕಾಂಕ್ರೀಟು ಸುರಿಯುವ ಯೋಜನೆಯನ್ನು ಎಲ್ಲರಿಗಿಂತ ಮೊದಲು ನೀವೇ ವಿರೋಧಿಸಬೇಕಲ್ಲವೇ?

ಉಳಿದದ್ದು ‘ವ್ಯವಸ್ಥೆ ಇಲ್ಲ’ ಎಂಬ ಆಕ್ಷೇಪ. ಉಳಿಯಲು ಒಳ್ಳೆಯ ಕೋಣೆ ಸಿಗುವುದು ಕಷ್ಟ, ಹೆಣ್ಣುಮಕ್ಕಳಿಗೆ ಶೌಚಾಲಯ ಸಿಗುವುದು ಅದಕ್ಕಿಂತ ಕಷ್ಟ, ದಾರಿ ಹೇಳುವ ಫಲಕವೂ ಇರುವುದಿಲ್ಲ. ಬಾಗಲಕೋಟೆ–ಕುಡಚಿ ರೈಲು ಮಾರ್ಗ, 142 ಕಿಲೋಮೀಟರ್, 2010–11ರ ಬಜೆಟ್ಟಿನಲ್ಲಿ ಮಂಜೂರಾದದ್ದು, ನಮ್ಮ ಮಕ್ಕಳ ಪ್ರಾಥಮಿಕ ಶಾಲೆ ಮುಗಿದು ಕಾಲೇಜು ಸೇರುವಷ್ಟು ಕಾಲ ಎಳೆದಿದೆ. ಇದೆಲ್ಲ ಒಪ್ಪುತ್ತೇನೆ. ಆದರೆ ವ್ಯವಸ್ಥೆ ಯಾಕಿಲ್ಲ ಎಂದು ಒಂದು ಗಳಿಗೆ ಯೋಚಿಸಿ. ಊರಿನ ಮುಖಂಡರೇ ‘ಇಲ್ಲಿ ಏನೂ ಇಲ್ಲ’ ಎಂದು ವೇದಿಕೆ ಮೇಲೆ ಹೇಳಿದ ಮೇಲೆ ಯಾವ ಅಧಿಕಾರಿ ಶೌಚಾಲಯಕ್ಕೆ ರೊಕ್ಕ ಬರೆಯುತ್ತಾನೆ? ಜಮಖಂಡಿಯ ಲಕ್ಕನಕೆರೆ, ಮುಧೋಳದ ಮಹಾರಾಣಿ ಕೆರೆ ಊರಿಗೆ ಅಂಟಿಕೊಂಡೇ ಇವೆ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ ಕೂಡಲು ಅಷ್ಟು ಸಾಕು. ಆ ದಂಡೆ ಚೊಕ್ಕಟವಾಗಿರಲಿ ಎಂದು ಪುರಪಿತೃಗಳ ಬಾಗಿಲಿಗೆ ಹೋಗಿ ಜಗಳ ಆಡಿದ ಅನುಕೂಲಸ್ಥರು ಎಷ್ಟು ಮಂದಿ? ಮಹಾಬಳೇಶ್ವರದಲ್ಲಿ ಪ್ಲಾಸ್ಟಿಕ್ ಕಂಡರೆ ‘ಛೇ’ ಎನ್ನುವ ಬಾಯಿ, ಊರ ಗಟಾರ ಹೊಳೆಗೆ ಬೀಳುವುದನ್ನು ಕಂಡು ಬಿಡಿಸಲಾಗದಷ್ಟು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಇಲ್ಲೇ ರಜೆ ಕಳೆಯುವವನು ಮಾತ್ರ ಇಲ್ಲಿಯ ಹೊಲಸಿಗೆ ಸಿಟ್ಟಾಗುತ್ತಾನೆ. ಹೊರಗೆ ಹೋಗಲು ಕಾರಿರುವವನಿಗೆ ಸಿಟ್ಟಿನ ಅವಶ್ಯಕತೆಯೇ ಇಲ್ಲ.

ಏನು ನೋಡಬೇಕು ಎಂದು ಇನ್ನೂ ಕೇಳುವವರಿಗೆ ಎರಡು ದಿನದ ದಾರಿ ಹೇಳಿಬಿಡುತ್ತೇನೆ. ಒಂದು ದಿನ ಬನಹಟ್ಟಿಯಿಂದ ಹೊರಟು ತೇರದಾಳದಲ್ಲಿ ಅಲ್ಲಮಪ್ರಭುವಿನ ಗುಡಿ, ಹನ್ನೆರಡನೆಯ ಶತಮಾನದ ನೇಮಿನಾಥ ಬಸದಿ ನೋಡಿ, ಹಿಪ್ಪರಗಿಯಲ್ಲಿ ನೀರು ನೋಡಿ, ಜಮಖಂಡಿಯ ರಾಮತೀರ್ಥ ಹತ್ತಿ, ಬಿಸಿಲಿಳಿದ ಮೇಲೆ ಚಿಕ್ಕಪಡಸಲಗಿಗೆ. ಮರುದಿನ ಮುಧೋಳ, ತಿಮ್ಮಾಪುರ, ಯಡಹಳ್ಳಿಯ ಕುರುಚಲು, ಬೀಳಗಿಯ ಅರೆತ್ತಿನ ಬಾವಿ. ಆರು ಎತ್ತು ಕಟ್ಟಿ ಮಟ್ಟಿ ಹೊಡೆದು ನೀರೆತ್ತುತ್ತಿದ್ದ ಆ ಬಾವಿಯ ಕಲ್ಲುಕೆಲಸ ನೋಡಿದವರು ಮೋಟಾರಿನ ಗುಂಡಿ ಒತ್ತುವಾಗ ಸ್ವಲ್ಪ ನಾಚಿಕೊಳ್ಳಬೇಕು. ಗಾಲವ ಋಷಿಯ ಹೆಸರು ಹೊತ್ತ ಗಲಗಲಿಗೂ ಹೋಗಿ, ಸಂಸ್ಕೃತ ಪಂಡಿತರನ್ನು ಕೊಟ್ಟ ಊರು ಅದು. ನೀರಿಳಿದ ಕಾಲವಾದರೆ ಚಿಕ್ಕಸಂಗಮ. ಕೊನೆಗೆ ಕೊರ್ತಿ ಸೇತುವೆಯ ಬಳಿ ಹೊಳೆಯ ಮೀನು ಕರಿಸಿಕೊಂಡು ತಿನ್ನಿ, ತಿನ್ನದವರು ಸೇತುವೆ ದಾಟಿ ಕೊಲ್ಹಾರದಲ್ಲಿ ಗಡಿಗೆಯ ಮೊಸರು ಕೊಳ್ಳಿ. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು ಅದು. ಮುಳುಗಿದ ಊರಿನಿಂದ ಎದ್ದು ಬಂದು ಮತ್ತೆ ಹೆಪ್ಪು ಹಾಕಿದವರ ಮೊಸರು. ಮಧ್ಯಾಹ್ನಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಎಣಗಾಯಿ, ಮನೆಗೆ ಮಹಾಲಿಂಗಪುರದ ಬೆಲ್ಲ. ಈ ಎರಡು ದಿನದಲ್ಲಿ ನೀವು ಖರ್ಚು ಮಾಡುವ ಪ್ರತಿ ರೂಪಾಯಿ ಗುರುತಿನವರ ಕೈಗೆ ಹೋಗುತ್ತದೆ.

ಈಗ ಕೇಳಬೇಕಾದದ್ದನ್ನು ಕೇಳುವ ಹೊತ್ತು. ಜಿಲ್ಲಾಡಳಿತಕ್ಕೆ ಹೇಳುವುದು ಇಷ್ಟು: 524.256 ಮೀಟರಿನ ಗಡಿಯೊಳಗಿನ ಕೊನೆಯ ರೈತನ ಖಾತೆಗೆ ಪರಿಹಾರ ಬೀಳುವವರೆಗೆ ಹಿನ್ನೀರಿನ ದಂಡೆಯಲ್ಲಿ ಒಂದೇ ಒಂದು ರಿಸಾರ್ಟಿಗೂ ಪರವಾನಗಿ ಬೇಡ. ರಾಜಹಂಸ ಇಳಿಯುವ ತೆಳುನೀರಿಗೆ ಮೋಟಾರು ದೋಣಿ ಬೇಡವೇ ಬೇಡ. ದೋಣಿ ಬಿಡಲೇಬೇಕೆಂದರೆ ಹುಟ್ಟು ಹಾಕುವ ದೋಣಿ ಬಿಡಿ, ಜೀವರಕ್ಷಕ ಜಾಕೆಟ್ ಕೊಡಿ, ಗುತ್ತಿಗೆಯನ್ನು ನೆಲ ಕಳೆದುಕೊಂಡವರಿಗೂ ಇಲ್ಲಿಯ ಮೀನುಗಾರರಿಗೂ ಕೊಡಿ. ಬೆಂಗಳೂರಿನ ಕಂಪನಿಗೆ ಬೇಡ. ಕೊರ್ತಿ ಸೇತುವೆಯ ಎರಡೂ ತುದಿಗೆ ಮುಳುಗಿದ ಹಳ್ಳಿಗಳ ಹೆಸರು ಕೊರೆದ ಕಲ್ಲು ನಿಲ್ಲಿಸಿ. ಶ್ರಮಬಿಂದು ಸಾಗರದ ಬಳಿ ಒಂದು ಕೋಣೆ ಕಟ್ಟಿ, ಬ್ಯಾರೇಜಿಗೆ ದುಡಿದವರು ಇನ್ನೂ ಬದುಕಿರುವಾಗಲೇ ಅವರ ಮಾತು ದಾಖಲಿಸಿ ಇಡಿ. ವಾಯವ್ಯ ಸಾರಿಗೆ ಸಂಸ್ಥೆ ಭಾನುವಾರಕ್ಕೊಂದು ಬಸ್ಸನ್ನು ಈ ನಾಲ್ಕು ತಾಲೂಕುಗಳ ಸುತ್ತ ಬಿಡಲಿ. ಹೆಡ್‌ಮಾಸ್ತರರೇ, ಈ ವರ್ಷ ಮೈಸೂರಿನ ಬಸ್ಸು ರದ್ದು ಮಾಡಿ. ಮಕ್ಕಳಿಗೆ ನಿದ್ದೆಯೂ ಸಿಗುತ್ತದೆ, ಅವರ ಅಜ್ಜಂದಿರು ಕಟ್ಟಿದ ಗೋಡೆಯೂ ಕಾಣುತ್ತದೆ.

ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತ ಡಾಕ್ಟರ ಸಾಹೇಬ್ರೇ, ಕಾರ್ಖಾನೆಯ ಸಾಹೇಬ್ರೇ, ನಿಮಗೂ ಒಂದು ಮಾತು. ಈ ಸಲದ ರಜೆಗೆ ಮಹಾಬಳೇಶ್ವರದ ಕೋಣೆ ರದ್ದುಪಡಿಸಿ. ಚಿಕ್ಕಪಡಸಲಗಿಗೆ ಹೋಗಿ. ಅಲ್ಲಿ ಶೌಚಾಲಯ ಇಲ್ಲದಿದ್ದರೆ, ನೆರಳಿಗೆ ಮರ ಇಲ್ಲದಿದ್ದರೆ, ಫಲಕ ಬಿದ್ದಿದ್ದರೆ ಫೋಟೋ ತೆಗೆಯಿರಿ. ಸೋಮವಾರ ಬೆಳಿಗ್ಗೆ ಆ ಫೋಟೋ ಹಿಡಿದು ತಾಲೂಕು ಪಂಚಾಯತಿಯ ಕಚೇರಿಗೆ ಹೋಗಿ ಕೂಡಿರಿ. ಒಬ್ಬರೇ ಬೇಡ, ನಿಮ್ಮ ಸಂಘ, ನಿಮ್ಮ ಕ್ಲಬ್ಬು, ನಿಮ್ಮ ಬಂಧುಬಳಗ ಎಲ್ಲರನ್ನೂ ಕರೆದುಕೊಂಡು. ಸರಿಪಡಿಸುವ ತಾರೀಖು ಬರೆದುಕೊಡುವವರೆಗೆ ಏಳಬೇಡಿ.